ಹನೂರಿಗೆ ಬೇಕಾದದ್ದು ನಾಮಫಲಕವಷ್ಟೇ ಅಲ್ಲ

ಕೊಳ್ಳೇಗಾಲದಿಂದ ಬೇರ್ಪಟ್ಟ ಹನೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಕಾಡು, ಬೆಟ್ಟ ಹಾಗೂ ಮಳೆಯನ್ನೇ ನಂಬಿದ ಹೊಲಗಳ ನಡುವೆ ಬಾಳುವ ಜನರಿಗೆ ಸರ್ಕಾರ ತುಸು ಹತ್ತಿರ ಬಂದಿತೆಂದು ನಾವು ಸಂತೋಷಪಟ್ಟೆವು.

ಅದೇ ವರ್ಷದ ಡಿಸೆಂಬರ್ 14ರಂದು, ನಮ್ಮ ಕ್ರೈಸ್ತ ಬಾಂಧವರು ನೆಲೆಸಿರುವ ಮಾರ್ಟಳ್ಳಿಗೆ ಸಮೀಪದ ಸುಳ್ವಾಡಿಯಲ್ಲಿ, ಮಾರಮ್ಮನ ದೇವಸ್ಥಾನದ ಪ್ರಸಾದಕ್ಕೆ ಬೆರೆತಿದ್ದ ಕೀಟನಾಶಕವು 17 ಜೀವಗಳನ್ನು ಬಲಿ ತೆಗೆದುಕೊಂಡಿತು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ವಿಷವಿಕ್ಕಿದವರ ವಿಚಾರ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ನರಳುತ್ತಿದ್ದವರನ್ನು ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿಗೆ ಸಾಗಿಸಬೇಕಾಯಿತು. ಸುಳ್ವಾಡಿಯಿಂದ ಮೈಸೂರಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ವಿಷವೇರಿದ ದೇಹಕ್ಕೆ ಪ್ರತಿ ನಿಮಿಷವೂ ಅಮೂಲ್ಯ. ಈ ದೂರದ ಹೊಣೆಯನ್ನು ಯಾವ ನ್ಯಾಯಾಲಯ ವಿಚಾರಿಸೀತು?

ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ 2024ರ ಲೋಕಸಭಾ ಚುನಾವಣೆಯ ವೇಳೆ, ಮೂಲಸೌಕರ್ಯಗಳಿಲ್ಲವೆಂದು ಗ್ರಾಮಸ್ಥರು ಮತದಾನ ಬಹಿಷ್ಕರಿಸಿದರು. ಗಲಭೆಯಲ್ಲಿ ಮತಯಂತ್ರಗಳು ಧ್ವಂಸಗೊಂಡು, ಮರುಮತದಾನ ನಡೆಸಬೇಕಾಯಿತು. ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದರ ಹಿಂದಿದ್ದ ಹತಾಶೆಗೆ ಕಿವುಡಾಗುವುದೂ ಸಲ್ಲದು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸಚಿವ ಸಂಪುಟವೇ ಅದೇ ಬೆಟ್ಟದಲ್ಲಿ ಸಭೆ ಸೇರಿತು. ಅಲ್ಲಿನ ಘೋಷಣೆಗಳು ಕಡತದಲ್ಲಿ ಉಳಿಯದೆ ಕಾರ್ಯರೂಪಕ್ಕೆ ಬರುವಂತೆ ಎಚ್ಚರ ವಹಿಸಬೇಕಾದವರು ಜನರೇ.

ಇಲ್ಲಿ ನಮ್ಮ ಆತ್ಮಶೋಧನೆಯೂ ಅಗತ್ಯ. ಧರ್ಮಕೇಂದ್ರದ ಹಬ್ಬಕ್ಕೆ ಜನಪ್ರತಿನಿಧಿಗಳು ಬಂದಾಗ ನಾವು ಸಲ್ಲಿಸುವ ಮನವಿಯಲ್ಲಿ ಏನಿರುತ್ತದೆ? ದೇವಾಲಯಕ್ಕೆ ಕಾಂಪೌಂಡು, ಸಮುದಾಯ ಭವನ, ಸ್ಮಶಾನಕ್ಕೆ ಜಾಗ. ಇವು ತಪ್ಪಲ್ಲ. ಆದರೆ ಹಗಲಿರುಳೂ ವೈದ್ಯರಿರುವ ತಾಲ್ಲೂಕು ಆಸ್ಪತ್ರೆ, ಕರೆದೊಡನೆ ಬರುವ ಆಂಬುಲೆನ್ಸ್, ಕಾಡಂಚಿನ ಹಳ್ಳಿಗಳಿಗೆ ರಸ್ತೆ ಮತ್ತು ಬಸ್ಸು ಬೇಕೆಂದು ಎಷ್ಟು ಸಲ ಕೇಳಿದ್ದೇವೆ? ಜಗದ್ಗುರು ಆರನೆಯ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ, ಅಭಿವೃದ್ಧಿಯೆಂದರೆ ಬರಿಯ ಆರ್ಥಿಕ ಬೆಳವಣಿಗೆಯಲ್ಲ, ಅದು ಪ್ರತಿಯೊಬ್ಬ ಮನುಷ್ಯನ ಸಮಗ್ರ ಏಳಿಗೆಯಾಗಬೇಕೆಂದು ಬೋಧಿಸಿದರು. ನಮ್ಮವರಿಗೆ ಮಾತ್ರ ಎಂದು ಕೇಳಿದ ಕೂಡಲೇ ಆ ಬೋಧನೆಯಿಂದ ನಾವು ದೂರ ಸರಿಯುತ್ತೇವೆ.

ಆದ್ದರಿಂದ ಹನೂರು ಸೀಮೆಯ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ. ನೆರೆಹೊರೆಯ ಎಲ್ಲ ಜಾತಿ ಮತಗಳವರನ್ನು ಜೊತೆಗೂಡಿಸಿಕೊಂಡು ಒಂದೇ ಮನವಿ ಸಲ್ಲಿಸಿರಿ. ಸುಳ್ವಾಡಿಯ ವಿಷವು ಯಾರ ಮತವನ್ನೂ ಕೇಳಲಿಲ್ಲ. ನಮ್ಮ ಬೇಡಿಕೆಯೂ ಕೇಳದಿರಲಿ.