ಗೊಬ್ಬರ ನಮ್ಮ ತೋಟಕ್ಕೆ, ಹೊಲ ಯಾರದು?

ನಮ್ಮ ಸಂಘದ ಕಳೆದ ಮಹಾಸಭೆಯಲ್ಲಿ ಸಾವಯವ ಬೇಸಾಯದ ಮಾತು ಬಂದಾಗ ಹಿರಿಯ ಸದಸ್ಯರೊಬ್ಬರು ಎದ್ದುನಿಂತು, ತೋಟಕ್ಕೆ ರಾಸಾಯನಿಕ ಗೊಬ್ಬರ ಹಾಕುವುದನ್ನು ಬಿಟ್ಟು ಆರು ವರ್ಷವಾಯಿತೆಂದೂ, ವರ್ಷಕ್ಕೆರಡು ಲಾರಿ ಕುರಿ ಗೊಬ್ಬರದಿಂದಲೇ ಅಡಿಕೆಯ ಇಳುವರಿ ಉಳಿಸಿಕೊಂಡು ಬಂದಿರುವೆನೆಂದೂ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ನಾನೂ ನಾಲ್ಕು ವರ್ಷದಿಂದ ಅದೇ ದಾರಿ ಹಿಡಿದವನೇ. ಆದರೆ ಆ ಲಾರಿ ಯಾವ ಊರಿನಿಂದ ಬರುತ್ತದೆ, ಗೊಬ್ಬರ ಕೊಟ್ಟು ಕಳಿಸಿದ ಮೇಲೆ ಆ ಊರಿನವರು ತಮ್ಮ ಹೊಲಕ್ಕೆ ಏನು ಹಾಕುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ಆಗ ಹೊಳೆಯಲಿಲ್ಲ.

ಹೊಳೆದದ್ದು ಆಮೇಲೆ, ಬಂಡೂರಿಗೆ ಹೋಗಿಬಂದ ಮೇಲೆ. ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಈ ಹಳ್ಳಿಯ ಹೆಸರನ್ನು ಮಾಂಸಾಹಾರಿಗಳಾದ ನಮ್ಮ ಸದಸ್ಯರು ಖಂಡಿತ ಕೇಳಿರುತ್ತಾರೆ. ಬಂಡೂರು ಕುರಿ, ಬನ್ನೂರು ಕುರಿ, ಮಂಡ್ಯ ಕುರಿ ಎಂದು ಮೂರು ಹೆಸರಿನಿಂದ ಕರೆಸಿಕೊಳ್ಳುವುದು ಒಂದೇ ತಳಿ. ಬಿಳಿ ಮೈ, ಕೆಲವಕ್ಕೆ ಮುಖದ ಮೇಲೆ ತಿಳಿಗಂದು, ಕೊಂಬಿಲ್ಲ, ಕಾಲು ಗಿಡ್ಡ. ಹಿಂದಿನಿಂದ ನೋಡಿದರೆ ತೊಡೆಗಳು ತುಂಬಿಕೊಂಡು ತಲೆಕೆಳಗಾದ ಲಾಳದಂತೆ ಕಾಣುತ್ತವೆ. ಟಗರು 35 ಕಿಲೋ ತೂಗಿದರೆ ಹೆಚ್ಚು. ಗಾತ್ರದಲ್ಲಿ ಇದನ್ನು ಮೀರಿಸುವ ತಳಿಗಳು ನಮ್ಮ ರಾಜ್ಯದಲ್ಲೇ ಇವೆ. ಆದರೆ ಮಾಂಸದ ರುಚಿಯಲ್ಲಿ ಇದಕ್ಕೆ ಸರಿಸಾಟಿ ಇಲ್ಲವೆಂಬುದು ಬಲ್ಲವರ ಮಾತು. ಒಳ್ಳೆಯ ಬಿತ್ತನೆ ಟಗರು ಲಕ್ಷ ರೂಪಾಯಿ ದಾಟಿ ಮಾರಾಟವಾದ ಸುದ್ದಿ ಆಗಾಗ್ಗೆ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

ನಾನು ಉಳಿದುಕೊಂಡಿದ್ದ ನೆಂಟರ ಮನೆಯಲ್ಲಿ ಇದ್ದದ್ದು ನಾಲ್ಕೇ ಕುರಿ. ಜಮೀನು ಎರಡು ಎಕರೆ. ಅರ್ಧ ನಾಲೆಯ ಕೆಳಗಿನ ಗದ್ದೆ, ಅರ್ಧ ಬೆದ್ದಲು. ವಿಶ್ವೇಶ್ವರಯ್ಯ ನಾಲೆಯೆಂದರೆ ಮಂಡ್ಯದ ತುಂಬ ನೀರು ಎಂದು ನಾವು ಮಲೆನಾಡಿನವರು ತಿಳಿದಿದ್ದೇವೆ. ಮಳವಳ್ಳಿ, ಮದ್ದೂರುಗಳ ಕೊನೆಯಂಚಿನ ರೈತನನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾನೆ. ಮಳೆ ಕೈಕೊಟ್ಟ ವರ್ಷ ಅವನ ಗದ್ದೆಗೆ ನೀರು ತಲುಪುವುದೇ ಇಲ್ಲ. ಅಂಥ ವರ್ಷ ಆ ಮನೆಯನ್ನು ನಡೆಸುವುದು ಬೆದ್ದಲಿನ ರಾಗಿ ಮತ್ತು ಈ ನಾಲ್ಕು ಕುರಿ.

ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ಹೋಗಿ ನೋಡಿದೆ, ತಿಪ್ಪೆ ಖಾಲಿ. ಹಿಂದಿನ ವಾರವಷ್ಟೇ ದಲ್ಲಾಳಿಯೊಬ್ಬ ಮನೆಮನೆಯ ಹಿಕ್ಕೆ, ಗೊಬ್ಬರವನ್ನೆಲ್ಲ ಒಟ್ಟುಮಾಡಿ ಲಾರಿಗೆ ತುಂಬಿಸಿಕೊಂಡು ಹೋಗಿದ್ದ. "ನಿಮ್ಮ ಕಡೆಗೇ ಹೋಯ್ತಂತಲ್ಲ, ಕಾಫಿ ತೋಟಕ್ಕೆ" ಎಂದು ಮನೆಯ ಹೆಂಗಸು ನಗುತ್ತ ಹೇಳಿದಳು. ಮಗಳ ಶಾಲೆಯ ಫೀಜು ಕಟ್ಟಬೇಕಿತ್ತು. ಹೊಲಕ್ಕೇನು ಹಾಕುತ್ತೀರಿ ಎಂದೆ. ಪಡಸಾಲೆಯ ಮೂಲೆಯಲ್ಲಿದ್ದ ಎರಡು ಚೀಲ ಯೂರಿಯ ತೋರಿಸಿದಳು.

ಸದಸ್ಯ ಬಾಂಧವರು ಒಂದು ಸಣ್ಣ ಲೆಕ್ಕವನ್ನು ನನ್ನೊಂದಿಗೆ ಮಾಡಬೇಕು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಎಂಬುದು ಸಂಶೋಧನಾ ಕೇಂದ್ರದ ಶಿಫಾರಸು. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 550 ಮರವೆಂದರೆ ಗೊಬ್ಬರವೇ ಆರೂವರೆ ಟನ್ನು ದಾಟುತ್ತದೆ. ಕುರಿಯೊಂದು ದಿನಕ್ಕೆ ಅರ್ಧ ಕಿಲೋ ಹಿಕ್ಕೆ ಹಾಕುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 180 ಕಿಲೋ. ಅಂದರೆ ಒಂದು ಎಕರೆ ತೋಟಕ್ಕೆ ಮೂವತ್ತಾರು ಕುರಿಗಳ ಇಡೀ ವರ್ಷದ ಹಿಕ್ಕೆ ಬೇಕು. ಕುರಿ ಗೊಬ್ಬರ ಸತ್ವಶಾಲಿ, ಅದರ ಅರ್ಧ ಸಾಕೆಂದು ವಾದಿಸುವವರಿದ್ದಾರೆ, ಒಪ್ಪೋಣ. ಆಗಲೂ ಹದಿನೆಂಟು ಕುರಿ. ಮೇಯುವಾಗ ಬಯಲಲ್ಲಿ ಬೀಳುವುದನ್ನು ಕಳೆದರೆ ಸಂಖ್ಯೆ ಮತ್ತೆ ಏರುತ್ತದೆ. ಬಂಡೂರಿನ ಆ ಮನೆಯಂಥ ನಾಲ್ಕೈದು ಮನೆಗಳಾದರೂ ತಮ್ಮ ತಿಪ್ಪೆಯನ್ನು ಪೂರ್ತಿ ಬರಿದುಮಾಡಿದರೆ ನಮ್ಮ ಒಂದು ಎಕರೆ "ಸಾವಯವ" ಆಗುತ್ತದೆ. ಆ ಮನೆಗಳ ಹೊಲ ಏನಾಗುತ್ತದೆಂಬುದನ್ನು ಮೂಲೆಯ ಯೂರಿಯ ಚೀಲವೇ ಹೇಳುತ್ತದೆ. ಮಾಜಿ ಸಾವಯವ ರೈತನನ್ನು ಸೃಷ್ಟಿಸಿ ನಾವು ಸಾವಯವ ರೈತರಾಗುತ್ತಿದ್ದೇವೆ.

ಹಿಂದೆ ಬಯಲುಸೀಮೆಯಲ್ಲಿ ಕುರುಬರು ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದರು. ರಾತ್ರಿಗಿಷ್ಟು ಎಂದು ದವಸ ಕೊಟ್ಟರೆ ಗೊಬ್ಬರ ಬಿದ್ದಲ್ಲೇ ಉಳಿಯುತ್ತಿತ್ತು, ಗಂಜಳವೂ ಸೇರಿ. ಕೆಲವೆಡೆ ಈಗಲೂ ಇದೆ. ಲಾರಿ ಬಂದ ಮೇಲೆ ಗೊಬ್ಬರಕ್ಕೆ ರಸ್ತೆ ಸಿಕ್ಕಿತು. ಅದರ ಜೊತೆ ಮಣ್ಣೂ ಸಿಕ್ಕಿತೆನ್ನಿ. ಎರಡು ವರ್ಷದ ಹಿಂದೆ ನಾನು ಕೊಂಡ ಲೋಡಿನಲ್ಲಿ ಮೂರರಲ್ಲೊಂದು ಪಾಲು ಕೆಮ್ಮಣ್ಣೇ ಇತ್ತು. ನನ್ನ ತೋಟದಲ್ಲಿ ಮಣ್ಣಿಗೇನೂ ಬರವಿರಲಿಲ್ಲ.

ಇನ್ನು "ದೇಶಿ ತಳಿ"ಯ ಮಾತು. ಸಾವಯವದ ಸಭೆಗಳಲ್ಲಿ ಈಚೆಗೆ ಈ ಶಬ್ದವನ್ನು ಮಂತ್ರದಂತೆ ಜಪಿಸಲಾಗುತ್ತಿದೆ. ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ನಮ್ಮ ಕಾಫಿ ಆಫ್ರಿಕದ್ದು, ಯೆಮೆನ್ ಮೂಲಕ ಬಾಬಾ ಬುಡನ್ ಬೆಟ್ಟಕ್ಕೆ ಬಂದದ್ದು. ಮಂಡ್ಯದ ಜನ ಹೆತ್ತ ತಾಯಿಯಷ್ಟೇ ತಮ್ಮದೆಂದು ತಿಳಿದಿರುವ ರಾಗಿಯೂ ಮೂಲತಃ ಆಫ್ರಿಕದ ಎತ್ತರದ ನಾಡುಗಳಲ್ಲಿ, ಇಥಿಯೋಪಿಯ, ಉಗಾಂಡ ಕಡೆ, ಪಳಗಿದ ಧಾನ್ಯ. ಇಥಿಯೋಪಿಯದಲ್ಲಿ ಅದು ದಾಗುಸ, ಕೆನ್ಯದಲ್ಲಿ ವಿಂಬಿ. ಅಲ್ಲಿ ಗಂಜಿ ಕಾಯಿಸುತ್ತಾರೆ, ಬಿಯರನ್ನೂ ಮಾಡುತ್ತಾರೆ. ನಾವು ಮುದ್ದೆ ಕಟ್ಟುತ್ತೇವೆ.

ಎರಡನೆಯ ಬಾರಿ ಆಫ್ರಿಕದ ರಾಗಿ ಬಂದದ್ದು ಮಂಡ್ಯದ ವಿ.ಸಿ. ಫಾರಂಗೆ. ಅಲ್ಲಿ ತಳಿತಜ್ಞರಾಗಿದ್ದ ಲಕ್ಷ್ಮಣಯ್ಯನವರು ದಪ್ಪ ಕಡ್ಡಿಯ, ದೊಡ್ಡ ತೆನೆಯ ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಸಂಕರಗೊಳಿಸಿದರು. ಸಾಸಿವೆಗಿಂತ ಚಿಕ್ಕ ಹೂವಿನಲ್ಲಿ ಇದು ಎಂಥ ತಾಳ್ಮೆಯ ಕೆಲಸವೆಂಬುದನ್ನು ಕಾಫಿ ಹೂವನ್ನು ಬಲ್ಲ ನಾವು ಊಹಿಸಬಹುದು. ಇಂಡಿಯ ಮತ್ತು ಆಫ್ರಿಕದ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಅವುಗಳಿಗೆ "ಇಂಡಾಫ್" ಎಂದೇ ಹೆಸರಾಯಿತು. 1970ರ ದಶಕದಲ್ಲಿ ಇಂಡಾಫ್ ರಾಗಿಗಳು ರಾಜ್ಯದ ಹೊಲಗಳನ್ನು ತುಂಬಿದವು. ಅನಂತರ ಬಂದ ಜಿ.ಪಿ.ಯು. 28, ಎಂ.ಆರ್. ಮತ್ತು ಕೆ.ಎಂ.ಆರ್. ತಳಿಗಳನ್ನು ರೈತರು ಈಗಲೂ ಬಿತ್ತುತ್ತಾರೆ. ಇವು ಸರ್ಕಾರಿ ತಳಿಗಳು, ದೇಶಿಯಲ್ಲ ಎಂದು ಮೂಗು ಮುರಿಯುವವರು ಒಂದನ್ನು ಮರೆಯುತ್ತಾರೆ. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಇಂಡಾಫ್ ಆಗಲಿ ಹಸಿರುಕಡ್ಡಿಯಾಗಲಿ, ಒಮ್ಮೆ ಬೀಜ ಮನೆಗೆ ಬಂದರೆ ಒಳ್ಳೆಯ ತೆನೆ ಆರಿಸಿಟ್ಟುಕೊಂಡು ವರ್ಷವರ್ಷವೂ ಬಿತ್ತಬಹುದು. ಹೈಬ್ರಿಡ್ ಮೆಕ್ಕೆಜೋಳದಂತೆ ಪ್ರತಿ ಮುಂಗಾರಿಗೂ ಅಂಗಡಿಗೆ ಓಡಬೇಕಾಗಿಲ್ಲ. ಬೀಜ ಎಲ್ಲಿ ಹುಟ್ಟಿತೆನ್ನುವುದಕ್ಕಿಂತ ಅದು ಯಾರ ಕೈಯಲ್ಲಿ ಉಳಿದಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಇದೇ ವಿಷಯ ಆಫ್ರಿಕದಲ್ಲಿ ಕೋರ್ಟು ಕಟ್ಟೆ ಏರಿದೆ. ಅಲ್ಲಿನ ಸಣ್ಣ ರೈತರ ಜೋಳ, ರಾಗಿಗಳ ಜಾಗವನ್ನು ವಸಾಹತು ಕಾಲದಿಂದಲೇ ಮೆಕ್ಕೆಜೋಳ ಆಕ್ರಮಿಸುತ್ತ ಬಂತು. 2006ರಲ್ಲಿ ಅಮೆರಿಕದ ದೊಡ್ಡ ದತ್ತಿನಿಧಿಗಳ ಹಣದಿಂದ ಆಫ್ರಿಕದಲ್ಲೂ ಹಸಿರು ಕ್ರಾಂತಿಯಾಗಬೇಕೆಂಬ ಯೋಜನೆ ಹೊರಟು, ಹೈಬ್ರಿಡ್ ಬೀಜ ಮತ್ತು ಗೊಬ್ಬರದ ಚೀಲ ಮತ್ತಷ್ಟು ಹಳ್ಳಿಗಳಿಗೆ ತಲುಪಿದವು. ಕೆನ್ಯದಲ್ಲಿ 2012ರ ಕಾನೂನಿನಂತೆ ನೋಂದಣಿಯಾಗದ ಬೀಜವನ್ನು ನೆರೆಯವನೊಂದಿಗೆ ಹಂಚಿಕೊಂಡರೂ ಜೈಲು, ದಂಡ ಎಂದಾಯಿತು. ಹದಿನೈದು ಮಂದಿ ಸಣ್ಣ ರೈತರು ಹೈಕೋರ್ಟಿಗೆ ಹೋದರು. 2025ರ ನವೆಂಬರಿನಲ್ಲಿ ಕೋರ್ಟು ಆ ಕಲಮುಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ನಮ್ಮಲ್ಲಿ 2001ರ ತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆಯು ಬೀಜ ಇಟ್ಟುಕೊಳ್ಳುವ, ಬಿತ್ತುವ, ಹಂಚುವ, ಬ್ರಾಂಡು ಹಚ್ಚದೆ ಮಾರುವ ಹಕ್ಕನ್ನು ರೈತನಿಗೆ ಸ್ಪಷ್ಟವಾಗಿಯೇ ಕೊಟ್ಟಿದೆ. ಹಕ್ಕು ನಮಗಿದೆ, ಹಂಚುವ ಅಭ್ಯಾಸ ಕಡಿಮೆಯಾಗಿದೆ ಅಷ್ಟೆ.

ಬಿಟ್ಟುಹೋಗದವರೂ ಇದ್ದಾರೆ. ಅದೇ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ಭತ್ತದ ಸಾವಿರಕ್ಕೂ ಮಿಕ್ಕಿದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ಹಿರಿಯರಿಂದ ಬಂದ "ಬಡಾ ಬಾಗ್" ತೋಪಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಬೇರೆ. ರಾಜಮುಡಿ, ರತ್ನಚೂಡಿಯಂಥ ಎತ್ತರದ ಭತ್ತಗಳು ಯೂರಿಯ ಕಂಡರೆ ಬಾಗಿ ಮಲಗುತ್ತವೆಂಬುದು ನಿಜ. ಆದರೆ ಅವುಗಳ ಹುಲ್ಲು ಉದ್ದ, ದನ ಬಯಸಿ ತಿನ್ನುತ್ತದೆ. ಹುಲ್ಲಿದ್ದರೆ ದನ, ದನವಿದ್ದರೆ ಗೊಬ್ಬರ. ಗಿಡ್ಡ ತಳಿ ಬಂದಾಗ ನಾವು ಕಾಳನ್ನಷ್ಟೇ ಅಳೆದೆವು. ಕೊಟ್ಟಿಗೆ ಯಾಕೆ ಖಾಲಿಯಾಯಿತೆಂದು ಆಮೇಲೆ ಆಶ್ಚರ್ಯಪಟ್ಟೆವು.

ಬೆದ್ದಲಿನಲ್ಲಿ ಅಕ್ಕಡಿ ಸಾಲಿನ ಸಂಗತಿಯೂ ಹಾಗೆಯೇ. ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು, ನಡುನಡುವೆ ಸಾಸಿವೆ. ಒಂದು ಹೋದರೆ ಇನ್ನೊಂದು. ಅವರೆಯ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಕೆನ್ಯದ ವಿಕ್ಟೋರಿಯ ಸರೋವರದ ದಂಡೆಯಲ್ಲಿ ಕೀಟ ಸಂಶೋಧನಾ ಕೇಂದ್ರದವರು 1990ರ ದಶಕದಿಂದ ಇದರ ಹತ್ತಿರದ ಸಂಬಂಧಿಯನ್ನೇ ರೈತರಿಗೆ ಕಲಿಸುತ್ತಿದ್ದಾರೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಗಿಡ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ವಾಸನೆಗೆ ಕಾಂಡ ಕೊರೆಯುವ ಹುಳುವಿನ ಪತಂಗ ದೂರ ಸರಿದು ಹುಲ್ಲಿನ ಮೇಲೆ ಮೊಟ್ಟೆಯಿಡುತ್ತದೆ. ಬೇರಿಗಂಟಿ ರಸ ಹೀರುವ ಸ್ಟ್ರೈಗಾ ಕಳೆಯೂ ಅಡಗುತ್ತದೆ. ಎರಡೂ ಹಸುವಿಗೆ ಮೇವು. ಚೀಲ ಕೊಳ್ಳುವ ಶಕ್ತಿಯಿಲ್ಲದ ರೈತನಿಗೆ ಕೊಟ್ಟದ್ದು ಇಂಥದು. ನಮ್ಮವರಲ್ಲಿ ಅದು ಮೊದಲೇ ಇತ್ತು, ಟ್ರ್ಯಾಕ್ಟರಿನ ಕೂರಿಗೆಗೆ ತೊಡಕಾಗುತ್ತದೆಂದು ಕೈಬಿಟ್ಟರು.

ಹಾಗೆಂದು ನಾಳೆಯೇ ಎಲ್ಲರೂ ಯೂರಿಯ ಬಿಡಬೇಕೆಂದು ನಾನು ಹೇಳುವವನಲ್ಲ. ಶ್ರೀಲಂಕಾ ಸರ್ಕಾರ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಲ್ಲಿಸಿ, ಭತ್ತ ಚಹಾ ಎರಡೂ ಕುಸಿದು, ಅದೇ ನವೆಂಬರಿನಲ್ಲಿ ಹಿಂದಕ್ಕೆ ಸರಿದದ್ದನ್ನು ನೋಡಿದ್ದೇವೆ. ಬಂಡೂರಿನ ಮನೆಯವರಿಗೆ "ಗೊಬ್ಬರ ಮಾರಬೇಡಿ" ಎಂದು ಬುದ್ಧಿ ಹೇಳುವ ಅಧಿಕಾರವೂ ನನಗಿಲ್ಲ. ಫೀಜು ನಾನು ಕಟ್ಟುವುದಿಲ್ಲವಲ್ಲ.

ಹಾಗಾದರೆ ಸಂಘ ಏನು ಮಾಡಬಹುದು? ಮೊದಲನೆಯದಾಗಿ ನಮ್ಮ ಅಂಗಳವನ್ನೇ ನೋಡಿಕೊಳ್ಳಬಹುದು. ಹೆಕ್ಟೇರು ಅಡಿಕೆ ತೋಟದಲ್ಲಿ ವರ್ಷಕ್ಕೆ ಐದೂವರೆಯಿಂದ ಆರು ಟನ್ ಸೋಗೆ, ಹಾಳೆ, ಗೊನೆಯ ಕಸ ಬೀಳುತ್ತದೆ. ಎರೆಹುಳುವಿಗೆ ಕೊಟ್ಟರೆ ಗೊಬ್ಬರ. ಅಡಿಕೆ ಸಿಪ್ಪೆಗೆ ಬೆಂಕಿಯಿಡುವವರು, ಕಾಫಿ ಹಣ್ಣಿನ ಸಿಪ್ಪೆಯನ್ನು ಹಳ್ಳಕ್ಕೆ ಬಿಡುವವರು ನಮ್ಮಲ್ಲಿ ಎಷ್ಟು ಮಂದಿ ಎಂಬುದು ನಮಗೇ ಗೊತ್ತು. ಸಾವಿರಾರು ರೂಪಾಯಿ ಕೊಟ್ಟು ಲಾರಿ ತರಿಸುವವರೂ ಬಹುಮಟ್ಟಿಗೆ ಅವರೇ. ಬೇಲಿಗೆ ಗ್ಲಿರಿಸಿಡಿಯ ನೆಟ್ಟರೆ ಹಸಿರೆಲೆಯ ಚಿಂತೆ ಅರ್ಧ ತೀರುತ್ತದೆ. ಸೊಪ್ಪಿನ ಬೆಟ್ಟವನ್ನು ಸೊಪ್ಪಿಗೇ ಬಳಸಿದರೆ ಇನ್ನರ್ಧ. ಇಷ್ಟಾದ ಮೇಲೂ ಕುರಿ ಗೊಬ್ಬರ ಬೇಕಾದವರು ಕೊಳ್ಳಲಿ.

ಎರಡನೆಯದು ಕೊಳ್ಳುವ ಕ್ರಮ. ದಲ್ಲಾಳಿಯನ್ನು ಬಿಟ್ಟು ಸಂಘವೇ ಆ ಕಡೆಯ ಹಳ್ಳಿಗಳ ಹಾಲಿನ ಸಂಘ, ಸಹಕಾರಿ ಸಂಘಗಳೊಂದಿಗೆ ನೇರ ಮಾತಾಡಬೇಕು. ಮನೆಯ ಹೊಲಕ್ಕೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನಷ್ಟೇ ಕೊಡಿ, ತೂಕಕ್ಕೆ ತಕ್ಕ ಕ್ರಯ ಕೊಡುತ್ತೇವೆ ಎನ್ನಬೇಕು. ಅದೇ ಲಾರಿಯಲ್ಲಿ ರಾಗಿ, ಅವರೆ, ರಾಜಮುಡಿ ಅಕ್ಕಿಯೂ ಬರಲಿ. 2023 ಸಿರಿಧಾನ್ಯ ವರ್ಷವೆಂದು ಪ್ರಪಂಚವೇ ಆಚರಿಸಿತು. ನಮ್ಮ ಸಂಘದ ಮಳಿಗೆಯಲ್ಲಿ ಇಂದಿಗೂ ರಾಗಿ ಸಿಗುವುದಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4886 ರೂಪಾಯಿ. ಗೊಬ್ಬರ ಹಾಕಿ ಬೆಳೆದ ಅಕ್ಕಡಿಯ ರಾಗಿಗೆ ಅದಕ್ಕಿಂತ ಐನೂರು ಹೆಚ್ಚು ಕೊಟ್ಟರೂ ಪಟ್ಟಣದ ಅಂಗಡಿಯ ಪೊಟ್ಟಣಕ್ಕಿಂತ ಸದಸ್ಯರಿಗೆ ಅಗ್ಗವೇ ಬೀಳುತ್ತದೆ. ಆ ಐನೂರಕ್ಕಾಗಿ ತಿಪ್ಪೆ ಮನೆಯಲ್ಲಿ ಉಳಿಯುವ ಸಂಭವವಿದೆ. ನನ್ನ ಉಪದೇಶಕ್ಕಾಗಿ ಉಳಿಯುವುದಿಲ್ಲ.

ಸರ್ಟಿಫಿಕೇಟಿನ ಬಗ್ಗೆ ಒಂದು ಮಾತು. ದೀರ್ಘಾವಧಿ ಬೆಳೆಗೆ ಮೂರು ವರ್ಷದ ಪರಿವರ್ತನೆ ಅವಧಿ, ತಪಾಸಣೆ, ಶುಲ್ಕ, ಕಾಗದಪತ್ರ. ಎರಡೆಕರೆಯವನು ಒಬ್ಬನೇ ಇದನ್ನು ಹೊರಲಾರ. ಇಥಿಯೋಪಿಯದ ಕಾಫಿ ಬೆಳೆಗಾರರ ಹಿಡುವಳಿ ನಮ್ಮಲ್ಲಿನ ಸಣ್ಣವರಿಗಿಂತ ಸಣ್ಣದು. ಆದರೂ 1999ರಲ್ಲಿ ಆರಂಭವಾದ ಒರೊಮಿಯ ಸಹಕಾರಿ ಒಕ್ಕೂಟದಂಥವು ಪ್ರಾಥಮಿಕ ಸಂಘಗಳನ್ನು ಒಟ್ಟುಗೂಡಿಸಿ, ಪ್ರಮಾಣಪತ್ರದ ಭಾರವನ್ನು ತಾವೇ ಹೊತ್ತು ಸಾವಯವ ಕಾಫಿಯನ್ನು ನೇರ ಪರದೇಶಕ್ಕೆ ಮಾರಿದವು. ನಮ್ಮಲ್ಲೂ ಗುಂಪು ಪ್ರಮಾಣೀಕರಣಕ್ಕೆ ಅವಕಾಶವಿದೆ. ದೇಶದೊಳಗಿನ ಮಾರಾಟಕ್ಕೆ ರೈತರೇ ಪರಸ್ಪರ ತಪಾಸಣೆ ಮಾಡಿಕೊಳ್ಳುವ ಪಿ.ಜಿ.ಎಸ್. ಪದ್ಧತಿಯೂ ಇದೆ. ಆಡಳಿತ ಮಂಡಳಿ ಈ ವಿಷಯವನ್ನು ಎರಡು ಸಲ ಮುಂದೂಡಿದೆ. ಮೂರನೆಯ ಸಲ ಮುಂದೂಡದೆ ಒಂದು ಉಪಸಮಿತಿಯನ್ನಾದರೂ ನೇಮಿಸಲಿ; ನಾನೂ ದುಡಿಯಲು ಸಿದ್ಧನಿದ್ದೇನೆ.

ಬಂಡೂರಿನಿಂದ ಹೊರಡುವಾಗ ಮನೆಯವರು ಎರಡು ಸೇರು ಹಸಿರುಕಡ್ಡಿ ರಾಗಿಯ ಬೀಜ, ಒಂದು ಮುಷ್ಟಿ ಅವರೆ ಕಟ್ಟಿಕೊಟ್ಟರು. ದುಡ್ಡು ಬೇಡವೆಂದರು, ಬೆಳೆದರೆ ಒಂದಕ್ಕೆರಡು ವಾಪಸು ಕೊಡಬೇಕಂತೆ, ಅದು ಅವರ ಕಡೆಯ ಪದ್ಧತಿ. ನನ್ನ ತೋಟದ ಮೇಲ್ಗಡೆ ಕಾಲೆಕರೆ ಮಕ್ಕಿ ಪಾಳು ಬಿದ್ದಿದೆ, ಅಲ್ಲಿ ಒಂದು ಸೇರು ಬಿತ್ತುತ್ತೇನೆ. ಉಳಿದ ಸೇರನ್ನು ಸಂಘದ ಕಾರ್ಯದರ್ಶಿಯವರ ಬಳಿ ಇಟ್ಟಿದ್ದೇನೆ. ಬೇಕಾದವರು ರೋಹಿಣಿ ಮಳೆಗೆ ಮುಂಚೆ ಬಂದು, ಹೆಸರು ಬರೆಸಿ, ಪಾವು ಪಾವಾಗಿ ಒಯ್ಯಬಹುದು. ಷರತ್ತು ಅದೇ.