ಹಾರಿಸುವ ಮುನ್ನ ತೂಗಿ ನೋಡಿ

ಆಷಾಢದ ಗಾಳಿ ಬೀಸತೊಡಗಿದೊಡನೆ ಕಡೂರಿನ ಬಯಲಿನಲ್ಲಿಯೂ ಅಜ್ಜಂಪುರದ ಹೊಲಗಳಲ್ಲಿಯೂ ಹುಡುಗರು ಗಾಳಿಪಟಗಳನ್ನು ಹಿಡಿದು ಹೊರಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪಟವನ್ನು ಮಾಡಲು ಹಾಳೆ, ಕಡ್ಡಿ, ಅಂಟು ಇಷ್ಟಿದ್ದರೆ ಸಾಕು. ಅರ್ಧ ಗಂಟೆಯ ಕೆಲಸ. ಆದರೆ ಅನುಭವವುಳ್ಳ ಹುಡುಗನು ಆಮೇಲಿನ ಅರ್ಧ ಗಂಟೆಯನ್ನು ಸೂತ್ರ ಕಟ್ಟುವುದರಲ್ಲಿ ಕಳೆಯುತ್ತಾನೆ. ಸೂತ್ರದ ಗಂಟು ಬೆರಳಿನಷ್ಟು ಅತ್ತಿತ್ತ ಸರಿದರೂ ಪಟವು ಒಂದೋ ಏರುವುದೇ ಇಲ್ಲ, ಇಲ್ಲವೆ ಏರಿ ಗೋತ ಹೊಡೆಯುತ್ತದೆ. ಬಾಲಂಗೋಚಿ ಗಿಡ್ಡವಾದರೂ ಅದೇ ಗತಿ. ಮಾಡುವುದು ಬೇರೆ, ಹೊಂದಿಸುವುದು ಬೇರೆ ಎಂಬುದನ್ನು ಈ ಹುಡುಗನು ಯಾವ ಪುಸ್ತಕವನ್ನೂ ಓದದೆ ಅರಿತಿರುತ್ತಾನೆ.

ರೇಡಿಯೊ ಅಲೆಗಳಿಂದ ನಿಯಂತ್ರಿಸತಕ್ಕ ಮಾದರಿ ವಿಮಾನಗಳು ಈಗ ನಮ್ಮ ಸಣ್ಣ ಊರುಗಳ ವಿದ್ಯಾರ್ಥಿಗಳ ಕೈಗೂ ಬಂದಿವೆ. ಅದರ ಭಾಗಗಳು ಅಂಚೆಯ ಮೂಲಕ ಮನೆಬಾಗಿಲಿಗೇ ಬರುತ್ತವೆ. ಇದು ಸಂತೋಷದ ಸಂಗತಿ. ಆದರೆ ಗಾಳಿಪಟದ ಹುಡುಗನು ಬಲ್ಲ ವಿವೇಕವನ್ನು ನಮ್ಮ ಕಾಲೇಜಿನ ತರುಣರು ಈ ವಿಮಾನದ ವಿಷಯದಲ್ಲಿ ಮರೆಯುತ್ತಿರುವರೆಂದು ನಮಗೆ ತೋರುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮಾದರಿ ವಿಮಾನದಿಂದ ವಿದ್ಯಾರ್ಥಿಗೆ ದೊರೆಯತಕ್ಕ ಪ್ರಯೋಜನದ ಬಹುಪಾಲು ಅದು ಇನ್ನೂ ಮೇಜಿನ ಮೇಲಿರುವಾಗಲೇ ದೊರೆಯುತ್ತದೆ. ಆ ಪಾಲನ್ನು ಬಿಟ್ಟು ಹಾರಾಟಕ್ಕೆ ಧಾವಿಸುವವನು ವಿಮಾನವನ್ನೂ ಕಳೆದುಕೊಳ್ಳುತ್ತಾನೆ, ವಿದ್ಯೆಯನ್ನೂ ಕಳೆದುಕೊಳ್ಳುತ್ತಾನೆ. ಆದುದರಿಂದ ಈ ಜೋಡಣೆಯ ಕೆಲಸವನ್ನು ನಾವು ಭೌತವಿಜ್ಞಾನದ ಪ್ರಯೋಗಶಾಲೆಯೊಳಕ್ಕೆ ತರಬೇಕು.

ಹೀಗೆ ಹೇಳುವ ಅಧಿಕಾರ ನಮಗೆ ಬಂದದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತು ಮಂದಿ ವಿದ್ಯಾರ್ಥಿಗಳು ಹಣ ಕೂಡಿಸಿ ಒಂದು ವಿಮಾನದ ಭಾಗಗಳನ್ನು ತರಿಸಿದರು. ಅವರಲ್ಲೊಬ್ಬನು ತನ್ನ ಪಾಲಿಗಾಗಿ ತರೀಕೆರೆಯ ಕಡೆ ರಜೆಯಲ್ಲಿ ಅಡಕೆ ಸುಲಿದು ಸಂಪಾದಿಸಿದ ಕೂಲಿಯನ್ನು ಕೊಟ್ಟಿದ್ದನು. ಒಂದೇ ಸಂಜೆಯಲ್ಲಿ ಜೋಡಣೆ ಮುಗಿಯಿತು. ಮರುದಿನ ಅಜ್ಜಂಪುರದ ಆಚೆ ಈರುಳ್ಳಿ ಕಿತ್ತು ಬರಿದಾಗಿದ್ದ ಹೊಲವೊಂದಕ್ಕೆ ಎಲ್ಲರೂ ಹೋದೆವು. ಕೈಯಿಂದ ಬಿಟ್ಟ ಕೂಡಲೆ ವಿಮಾನವು ಮೂತಿಯನ್ನು ಮೇಲಕ್ಕೆತ್ತಿತು, ಇನ್ನಷ್ಟು ಎತ್ತಿತು, ಕ್ಷಣಮಾತ್ರ ಗಾಳಿಯಲ್ಲಿ ನಿಂತಂತಾಗಿ, ಮಗುಚಿ ನೆಲಕ್ಕೆ ಬಿದ್ದಿತು. ಪ್ರೊಪೆಲರು ಮುರಿಯಿತು, ಮೂತಿ ನುಜ್ಜುಗುಜ್ಜಾಯಿತು. ಹೊಲದ ಬದುವಿನ ಮೇಲೆ ಕುಳಿತು ನೋಡುತ್ತಿದ್ದ ವೃದ್ಧ ರೈತರೊಬ್ಬರು, "ಮೇಷ್ಟ್ರೇ, ಗಾಡಿ ಹಿಂಭಾರ ಆಗೈತೆ" ಎಂದರು.

ಆ ಮಾತು ನಮ್ಮನ್ನು ನಾಚಿಸಿತು. ಎತ್ತಿನ ಗಾಡಿಯಲ್ಲಿ ಮೂಟೆಗಳನ್ನು ಅಚ್ಚಿನಿಂದ ಹಿಂದಕ್ಕೆ ಹೇರಿದರೆ ನೊಗ ಮೇಲೇಳುವುದೆಂದು ಅವರು ಬಲ್ಲರು. ನಾವು ಭಾರಕೇಂದ್ರದ ವಿಷಯವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ವಿವರಿಸಿದವರು. ಆದರೂ ಆ ದಿನ ವಿಮಾನದ ರೆಕ್ಕೆಯ ಕೆಳಗೆ ಎರಡು ಬೆರಳುಗಳನ್ನಿಟ್ಟು ಎತ್ತಿ ನೋಡಿರಲಿಲ್ಲ. ಅಡಕೆ ಸುಲಿದ ಹುಡುಗನು ಮುರಿದ ಚೂರುಗಳನ್ನು ಆಯ್ದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದನು. ಅವನೊಡನೆ ಏನು ಮಾತನಾಡಬೇಕೆಂದು ನಮಗೆ ತೋಚಲಿಲ್ಲ.

ದೋಷವೇನಿತ್ತೆಂಬುದನ್ನು ಆಮೇಲೆ ಪ್ರಯೋಗಶಾಲೆಯಲ್ಲಿ ಲೆಕ್ಕ ಹಾಕಿದೆವು. ವಿಮಾನದ ಒಟ್ಟು ತೂಕ 600 ಗ್ರಾಂ. ರೆಕ್ಕೆಯ ಉದ್ದ 1 ಮೀಟರು, ಅಗಲ 20 ಸೆಂಟಿಮೀಟರು. ಇಂತಹ ಸಾಧಾರಣ ವಿಮಾನದ ಭಾರಕೇಂದ್ರವು ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ನೂರಕ್ಕೆ 25ರಿಂದ 30ರಷ್ಟು ಹಿಂದೆ, ಎಂದರೆ 5ರಿಂದ 6 ಸೆಂಟಿಮೀಟರಿನಲ್ಲಿ ಇರತಕ್ಕದ್ದು. ನಮ್ಮದು 9 ಸೆಂಟಿಮೀಟರಿನಲ್ಲಿತ್ತು. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿರಿ. ಗಾಳಿಯ ಒಂದು ಅಲೆ ಬಂದು ಮೂತಿಯನ್ನು ತುಸು ಎತ್ತಿತೆನ್ನೋಣ. ಆಗ ರೆಕ್ಕೆ ಮತ್ತು ಬಾಲಗಳ ಎತ್ತುಬಲ ಹೆಚ್ಚುತ್ತದೆ. ಹೀಗೆ ಹೆಚ್ಚಿದ ಬಲವು ಭಾರಕೇಂದ್ರಕ್ಕೆ ಹಿಂದೆ ವರ್ತಿಸಿದರೆ ಬಾಲವನ್ನು ಎತ್ತಿ ಮೂತಿಯನ್ನು ಮತ್ತೆ ಕೆಳಗಿಳಿಸುತ್ತದೆ. ವಿಮಾನವು ತಾನಾಗಿಯೇ ಸಮಸ್ಥಿತಿಗೆ ಮರಳುತ್ತದೆ. ಅದೇ ಬಲವು ಭಾರಕೇಂದ್ರಕ್ಕೆ ಮುಂದೆ ವರ್ತಿಸಿದರೆ ಎತ್ತಿದ ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ನಮ್ಮ ವಿಮಾನಕ್ಕೆ ಆದದ್ದು ಇದೇ.

ಪರಿಹಾರವೂ ಸನ್ನೆಕೋಲಿನ ಲೆಕ್ಕವೇ. 600 ಗ್ರಾಂ ತೂಕದ ಭಾರಕೇಂದ್ರವನ್ನು 3 ಸೆಂಟಿಮೀಟರು ಮುಂದಕ್ಕೆ ತರಬೇಕಾದರೆ 1800 ಗ್ರಾಂ-ಸೆಂಟಿಮೀಟರಿನಷ್ಟು ಭ್ರಾಮಕ ಬೇಕು. ನಮ್ಮ ಬ್ಯಾಟರಿಯ ತೂಕ 150 ಗ್ರಾಂ. ಅದನ್ನು 12 ಸೆಂಟಿಮೀಟರು ಮುಂದಕ್ಕೆ ಸರಿಸಿದರೆ ಸರಿಯಾಗಿ ಅಷ್ಟೇ ಆಗುತ್ತದೆ. ಹೊಸ ಖರ್ಚಿಲ್ಲ, ಹೊಸ ಭಾರವಿಲ್ಲ. ಐದು ನಿಮಿಷದ ಈ ಲೆಕ್ಕವನ್ನು ಮಾಡದೆ ಒಂಬತ್ತು ಜನರ ಹಣವನ್ನು ಮಣ್ಣುಪಾಲು ಮಾಡಿದೆವು.

ಹಾರಾಟದ ಇತಿಹಾಸವನ್ನು ನೋಡಿದರೂ ಇದೇ ಪಾಠ ಕಾಣುತ್ತದೆ. 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಎಂಬಾತನು ಗಾಳಿಪಟವನ್ನೇ ರೆಕ್ಕೆಯಾಗಿ ಒಂದು ಕೋಲಿಗೆ ಕಟ್ಟಿ ಸಣ್ಣದೊಂದು ತೇಲುವಿಮಾನವನ್ನು ಮಾಡಿದನು. ಅದರ ಬಾಲವನ್ನು ಬೇಕಾದ ಕೋನಕ್ಕೆ ತಿರುಗಿಸಬಹುದಾಗಿತ್ತು. ಭಾರಕೇಂದ್ರವನ್ನು ಹೊಂದಿಸಲು ಸರಿಸಬಹುದಾದ ತೂಕವೊಂದನ್ನೂ ಆತನು ಅದಕ್ಕೆ ಅಳವಡಿಸಿದ್ದನು. ವಿಮಾನಕ್ಕೆ ತಕ್ಕ ಎಂಜಿನು ಹುಟ್ಟುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಭಾರವನ್ನು ಹೊಂದಿಸುವ ವಿದ್ಯೆ ಹುಟ್ಟಿತ್ತು. ನಿಸ್ತಂತು ನಿಯಂತ್ರಣವು ಬಂದದ್ದು ಬಹಳ ತಡವಾಗಿ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ರೇಡಿಯೊ ಅಲೆಗಳಿಂದ ಒಂದು ಪುಟ್ಟ ದೋಣಿಯನ್ನು ನಡೆಸಿ ತೋರಿಸಿದನು. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 'ಗಫ್' ಎಂಬ ತಮ್ಮ ಮಾದರಿ ವಿಮಾನವನ್ನು ರೇಡಿಯೊ ಮೂಲಕ ಹಾರಿಸಿದರು.

ಇಂದಿನ ರೇಡಿಯೊ ಉಪಕರಣವು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಆದರೂ ಅದರಲ್ಲಿ ಕಲಿಯತಕ್ಕದ್ದು ಬೇಕಾದಷ್ಟಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಆವೃತ್ತಿ 2.4 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ 12.5 ಸೆಂಟಿಮೀಟರು. ಗ್ರಾಹಕದ ಆಂಟೆನಾ ತಂತಿಯ ತೆರೆದ ತುದಿ ಸುಮಾರು 3 ಸೆಂಟಿಮೀಟರು ಏಕಿರುವುದೆಂದು ಕೇಳಿದ ವಿದ್ಯಾರ್ಥಿಗೆ ಉತ್ತರವು ಇಲ್ಲಿಯೇ ಇದೆ: ಅದು ಅಲೆಯುದ್ದದ ಕಾಲುಭಾಗ. ರೆಕ್ಕೆ ಮತ್ತು ಬಾಲದ ಹಲಗೆಗಳನ್ನು ಅಲುಗಿಸುವ ಸರ್ವೊ ಎಂಬ ಪುಟ್ಟ ಯಂತ್ರಕ್ಕೆ ಸೆಕೆಂಡಿಗೆ ಸುಮಾರು 50 ಬಾರಿ ವಿದ್ಯುತ್ತಿನ ಮಿಡಿತಗಳು ಬರುತ್ತವೆ. ಮಿಡಿತದ ಅವಧಿ ಸೆಕೆಂಡಿನ ಸಾವಿರದ ಒಂದೂವರೆ ಭಾಗವಾದರೆ ಸರ್ವೊದ ತೋಳು ನಡುವೆ ನಿಲ್ಲುತ್ತದೆ. ಒಂದು ಭಾಗವಾದರೆ ಒಂದು ಕಡೆಗೆ, ಎರಡು ಭಾಗವಾದರೆ ಇನ್ನೊಂದು ಕಡೆಗೆ ತಿರುಗುತ್ತದೆ.

ಇದರಲ್ಲಿ ಅಪಾಯವೊಂದಿದೆ. ತೋಳು ತಿರುಗುವುದು ನಿಜ, ಸರಿಯಾದ ಕಡೆಗೆ ತಿರುಗುವುದೋ ಎಂಬುದನ್ನು ಯಂತ್ರ ಅರಿಯದು. ದುರಸ್ತಿಯಾದ ವಿಮಾನವನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದಾಗ ರೆಕ್ಕೆಯ ಹಲಗೆಗಳು ತಿರುಗುಮುರುಗಾಗಿ ಚಲಿಸುತ್ತಿದ್ದುದು ನಮಗೆ ಕಂಡಿತು. ಹಿಂಭಾರದಿಂದ ಬೀಳದಿದ್ದರೆ ವಿಮಾನವು ಆ ದಿನ ಇದರಿಂದ ಬೀಳುತ್ತಿದ್ದಿತು! ಆದುದರಿಂದ ಮೊದಲು ಪ್ರೊಪೆಲರನ್ನು ಕಳಚಿಡಬೇಕು. ಮೇಜಿನ ಮೇಲೆ ಅಕಸ್ಮಾತ್ತಾಗಿ ತಿರುಗಿದ ಪ್ರೊಪೆಲರು ಬೆರಳನ್ನು ಕತ್ತರಿಸಬಲ್ಲುದು. ಬಳಿಕ ವಿಮಾನದ ಹಿಂದೆ ನಿಂತು ನೋಡಬೇಕು. ಸನ್ನೆಯನ್ನು ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಹಲಗೆ ಮೇಲಕ್ಕೂ ಎಡರೆಕ್ಕೆಯದು ಕೆಳಕ್ಕೂ ಹೋಗಬೇಕು. ಸನ್ನೆಯನ್ನು ನಮ್ಮತ್ತ ಎಳೆದರೆ ಬಾಲದ ಅಡ್ಡಹಲಗೆ ಮೇಲೇಳಬೇಕು. ಮೊದಲ ಹಾರಾಟಕ್ಕೆ ಈ ಚಲನೆ 1 ಸೆಂಟಿಮೀಟರಿಗಿಂತ ಹೆಚ್ಚು ಬೇಡ. ರೇಡಿಯೊ ಸಂಪರ್ಕ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಹೊಂದಿಸಿರಬೇಕು. ಬಯಲಿನಲ್ಲಿ, ಪ್ರೇಷಕವನ್ನು ಕಡಿಮೆ ಶಕ್ತಿಯ ಪರೀಕ್ಷಾಸ್ಥಿತಿಯಲ್ಲಿಟ್ಟು, ಮೂವತ್ತು ಹೆಜ್ಜೆ ದೂರದಿಂದ ಹಲಗೆಗಳು ಮಾತು ಕೇಳುತ್ತವೆಯೇ ಎಂದು ನೋಡಬೇಕು. ಲಿಥಿಯಂ ಬ್ಯಾಟರಿಯನ್ನು ವಿದ್ಯುತ್ತಿಗೆ ಹಚ್ಚಿ ಬಿಟ್ಟುಹೋಗಬಾರದು. ಪೆಟ್ಟು ಬಿದ್ದು ಉಬ್ಬಿದ ಬ್ಯಾಟರಿ ಬೆಂಕಿ ಹತ್ತಬಹುದಾದುದರಿಂದ ಅದನ್ನು ಮನೆಯ ಹೊರಗೆ ಮರಳು ತುಂಬಿದ ಬಾಂಡ್ಲಿಯಲ್ಲಿಡುವುದು ಕ್ಷೇಮ.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿಯೊಬ್ಬನು ಆಕ್ಷೇಪಿಸಬಹುದು: "ಸಾರ್, ಈಗ ಗೈರೊ ಇರುವ ಗ್ರಾಹಕಗಳು ಬಂದಿವೆ. ವಿಮಾನ ಓಲಿದರೆ ಅವೇ ಸರಿಪಡಿಸುತ್ತವೆ. ಇಷ್ಟೆಲ್ಲಾ ಲೆಕ್ಕ ಏಕೆ?" ಮಾತು ಸುಳ್ಳಲ್ಲ. ನಮ್ಮ ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರಚಿಸಿದ್ದಾರೆ; ಚುರುಕಾಗಿ ತಿರುಗಲೆಂದು ಹಾಗೆ ಮಾಡಿ, ಅದನ್ನು ಹತೋಟಿಯಲ್ಲಿಡುವ ಭಾರವನ್ನು ಗಣಕಯಂತ್ರಗಳಿಗೆ ವಹಿಸಿದ್ದಾರೆ. ಆದರೆ ಎಷ್ಟು ಅಸ್ಥಿರವೆಂಬುದನ್ನು ಅದರ ರಚನಕಾರರು ಅಳೆದು ಲೆಕ್ಕ ಹಾಕಿ ಬಲ್ಲವರಾಗಿದ್ದರು. ಅದಕ್ಕೆ ಐವತ್ತು ವರ್ಷ ಮೊದಲು, 1951ರಲ್ಲಿ, ಅದೇ ಬೆಂಗಳೂರಿನಿಂದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್.ಟಿ.-2 ಎಂಬ ತರಬೇತಿ ವಿಮಾನವು ಹಾರಿತ್ತು. ದೇಶವು ಮೊದಲು ಎಚ್.ಟಿ.-2ನ್ನು ಕಲಿತು ಅನಂತರ ತೇಜಸ್ಸಿಗೆ ಬಂದಿತು. ವಿದ್ಯಾರ್ಥಿಯೂ ಮೊದಲ ವಿಮಾನವನ್ನು ಗೈರೊ ಇಲ್ಲದೆ ಹೊಂದಿಸಲಿ; ತಪ್ಪನ್ನು ಮುಚ್ಚಿಡುವ ಯಂತ್ರದಿಂದ ತಪ್ಪನ್ನು ಗುರುತಿಸಲು ಕಲಿಯಲಾಗದು.

ಎರಡನೆಯ ಆಕ್ಷೇಪ ಖರ್ಚಿನದು. ಪ್ರೇಷಕ, ಗ್ರಾಹಕ, ಮೋಟಾರು, ಬ್ಯಾಟರಿಗಳು ಒಂದು ಸಾಧಾರಣ ಮೊಬೈಲು ಫೋನಿನ ಬೆಲೆಗೆ ದೊರೆಯುತ್ತವೆ. ಒಮ್ಮೆ ಕೊಂಡ ಪ್ರೇಷಕವು ಅನೇಕ ವಿಮಾನಗಳಿಗೆ ಆಗುತ್ತದೆ. ಒಡಲನ್ನೂ ರೆಕ್ಕೆಯನ್ನೂ ಥರ್ಮಕೋಲಿನ ಹಾಳೆಯಿಂದ ನಾವೇ ಕೊಯ್ದುಕೊಳ್ಳಬಹುದು. ರೆಕ್ಕೆ ಬಾಗದಂತೆ ಒಳಗೆ ಸೇರಿಸುವ ಕಾರ್ಬನ್ ಕಡ್ಡಿಯು ನಮ್ಮ ತೋಟಗಳಿಗೆ ಈಗ ಬಂದಿರುವ ಕಾರ್ಬನ್ ದೋಟಿಯ ಜಾತಿಯದೇ; ಹಗುರವಾದ ವಸ್ತು ಬಾಗದೆ ನಿಲ್ಲುವುದು ಹೇಗೆಂಬುದನ್ನು ಅಡಕೆ ಬೆಳೆಗಾರರ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಪರೀಕ್ಷೆಗೆ ಇದು ಬರುವುದಿಲ್ಲವೆಂಬ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟೆ: ಭಾರಕೇಂದ್ರ, ಭ್ರಾಮಕ, ಅಲೆಯುದ್ದ, ಇವೆಲ್ಲವೂ ಪಠ್ಯದಲ್ಲಿಯೇ ಇವೆ. ಎನ್.ಸಿ.ಸಿ.ಯ ವಾಯುದಳ ವಿಭಾಗದಲ್ಲಿ ಮಾದರಿ ವಿಮಾನವು ತರಬೇತಿಯ ವಿಷಯವಾಗಿದೆ. ಅದು ಪ್ರಯೋಗಶಾಲೆಗೆ ಹೊರಗಿನದಾಗಬೇಕಾದ ಕಾರಣವಿಲ್ಲ.

ಎಲ್ಲಿ, ಯಾವಾಗ ಹಾರಿಸಬೇಕೆಂಬುದನ್ನೂ ಲೆಕ್ಕವೇ ಹೇಳುತ್ತದೆ. ಕಡೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆಯನ್ನು ಘನಮೀಟರಿಗೆ 1.1 ಕಿಲೋಗ್ರಾಂ ಎಂದಿಟ್ಟುಕೊಂಡರೆ, ನಮ್ಮ ವಿಮಾನವು ಬೀಳದೆ ಹಾರಲು ಸೆಕೆಂಡಿಗೆ ಸುಮಾರು 7 ಮೀಟರು, ಎಂದರೆ ಗಂಟೆಗೆ 26 ಕಿಲೋಮೀಟರು ವೇಗವಾದರೂ ಬೇಕು. ಆಷಾಢದ ಗಾಳಿಯೇ ಈ ವೇಗದಲ್ಲಿ ಬೀಸಬಲ್ಲುದು. ಆಗ ವಿಮಾನವು ಗಾಳಿಗೆದುರಾಗಿ ನಿಂತಲ್ಲೇ ನಿಂತೀತು, ಗಾಳಿಯ ಜೊತೆಗೆ ತಿರುಗಿದರೆ ಕಣ್ಮರೆಯಾದೀತು. ಗಾಳಿಪಟಕ್ಕೆ ಆಷಾಢ, ವಿಮಾನಕ್ಕೆ ಕಾರ್ತಿಕದ ಮುಂಜಾವು. ವಿಶಾಲವಾದ ಹುಲ್ಲುಗಾವಲೆಂದು ಅಮೃತಮಹಲ್ ಕಾವಲುಗಳಿಗೆ ಹೋಗಬಾರದು. ಅವು ದನಗಳಿಗೆ ಮೀಸಲಾದ ನೆಲ. ಬಾಸೂರಿನ ಕಾವಲು ಕೃಷ್ಣಮೃಗಗಳ ನೆಲೆಯಾಗಿ ರಕ್ಷಿತವಾದದ್ದು. ರೈಲುಹಾದಿ, ವಿದ್ಯುತ್ ತಂತಿ, ರಸ್ತೆಗಳಿಂದಲೂ ದೂರವಿರಬೇಕು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಸರಕಾರದ ನಕ್ಷೆಯಲ್ಲಿ ಆ ಸ್ಥಳವು ಹಸಿರು ವಲಯದಲ್ಲಿದೆಯೇ ಎಂದು ನೋಡಿ, ಹೊಲದ ಯಜಮಾನರ ಒಪ್ಪಿಗೆಯನ್ನು ಪಡೆದು, ಕಣ್ಣಿಗೆ ಕಾಣುವಷ್ಟರಲ್ಲಿಯೇ ಹಾರಿಸತಕ್ಕದ್ದು.

ಅಂತಹ ಒಂದು ಮುಂಜಾವಿನಲ್ಲಿ ನಮ್ಮ ವಿಮಾನವು ಅದೇ ಹೊಲದಿಂದ ಮತ್ತೆ ಎದ್ದಿತು. ನಲವತ್ತು ಸೆಕೆಂಡು ಹಾರಿ, ಒಂದು ಸುತ್ತು ಬಂದು, ಸ್ವಲ್ಪ ಒರಟಾಗಿ ಇಳಿಯಿತು. ಪ್ರೇಷಕವು ಅಡಕೆ ಸುಲಿದ ಹುಡುಗನ ಕೈಯಲ್ಲಿತ್ತು. ಹಾರಿಸುವುದಕ್ಕೆ ಮೊದಲು ಅವನು ಎರಡು ಬೆರಳುಗಳ ಮೇಲೆ ವಿಮಾನವನ್ನು ಎತ್ತಿ ನಮಗೆ ತೋರಿಸಿದನು, ನಾವು ಕೇಳಿರಲಿಲ್ಲ. ಈಗ ನಮ್ಮ ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ತೂಕ, ಭಾರಕೇಂದ್ರ, ಹಲಗೆಗಳ ದಿಕ್ಕು ಎಂಬ ಮೂರು ಸಾಲುಗಳನ್ನು ಬರೆದು ಸಹಿ ಮಾಡದೆ ವಿಮಾನವನ್ನು ಹೊರಗೆ ಒಯ್ಯುವುದಿಲ್ಲ. ಬೇರೆ ಊರುಗಳ ವಿದ್ಯಾರ್ಥಿಮಿತ್ರರೂ ಅಧ್ಯಾಪಕರೂ ಇದೇ ಕ್ರಮವನ್ನು ಕೈಗೊಳ್ಳಬೇಕೆಂದು ನಮ್ಮ ವಿನಂತಿ. ಆ ಮೂರು ಸಾಲುಗಳಿಗೆ ತಗಲುವುದು ಹತ್ತು ನಿಮಿಷ.