ಮುಚ್ಚುವಾಗ ನಗರದ ಜೊತೆ, ತೆರೆಯುವಾಗ ಒಂಟಿ

ಕೋವಿಡ್ ಕಾಲದಲ್ಲಿ ಅಂಗಡಿ-ಮುಂಗಟ್ಟು, ಮಗ್ಗ, ಮಾರುಕಟ್ಟೆಗಳನ್ನು ಮತ್ತೆ ತೆರೆಯುವ ಬಗ್ಗೆ ಹೊರಟ ಆದೇಶಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಅನ್ಯಾಯ ಮಾಡಿದವು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂಥ ಹೋಬಳಿ ಕೇಂದ್ರಗಳಿಗೆ ಅದರ ಪೆಟ್ಟು ಇನ್ನೂ ಜೋರಾಗಿ ಬಿತ್ತು. ರೋಗ ತಡೆಯಲು ಬಾಗಿಲು ಹಾಕಿಸಿದ್ದನ್ನು ನಾವು ತಪ್ಪೆನ್ನುವುದಿಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಜನ ಪ್ರಾಣ ಬಿಟ್ಟ ರಾಜ್ಯ ಇದು. ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಆಂಬುಲೆನ್ಸಿನಲ್ಲೇ ಸತ್ತವರನ್ನು ಕಂಡ ಯಾರೂ ಲಾಕ್‌ಡೌನ್ ಬೇಡವಾಗಿತ್ತು ಎನ್ನಲಾರರು. ಆದರೆ ಮುಚ್ಚಿಸಿದ ಬಾಗಿಲನ್ನು ಯಾರಿಗೆ, ಯಾವಾಗ, ಯಾವ ಲೆಕ್ಕದ ಮೇಲೆ ತೆರೆಯಲು ಬಿಟ್ಟರು ಎಂಬ ಪ್ರಶ್ನೆಗೆ ಸರ್ಕಾರ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

2020ರ ಜುಲೈ ನೆನಪಿಸಿಕೊಳ್ಳಿ. ಸೋಂಕು ಏರುತ್ತಿದ್ದದ್ದು ಬೆಂಗಳೂರು ನಗರದಲ್ಲಿ. ಜುಲೈ 14ರ ರಾತ್ರಿ 8ರಿಂದ 22ರ ಬೆಳಗಿನ 5 ಗಂಟೆವರೆಗೆ ಲಾಕ್‌ಡೌನ್ ಹೇರಿದಾಗ ನಗರದ ಜೊತೆ ಗ್ರಾಮಾಂತರ ಜಿಲ್ಲೆಯನ್ನೂ ಸೇರಿಸಿದರು. ಘೋಷಣೆ ಆದದ್ದು ಜುಲೈ 11ರಂದು. ನಡುವೆ ಸಿಕ್ಕ ಎರಡು ಮೂರು ದಿನಗಳಲ್ಲಿ ನಗರ ಬಿಟ್ಟು ಊರು ಸೇರಲು ಹೊರಟ ಕುಟುಂಬಗಳಿಂದ ನೆಲಮಂಗಲದ ಹೆದ್ದಾರಿ ತುಂಬಿ ಹೋಯಿತು. ಅಂದರೆ ನಗರದಿಂದ ಜನ ಹಳ್ಳಿಗೆ ಹರಿದು ಬರಲು ದಾರಿ ಮಾಡಿಕೊಟ್ಟು, ಅವರು ಬಂದು ಸೇರಿದ ಮೇಲೆ ಹಳ್ಳಿಯ ಬಾಗಿಲು ಹಾಕಿಸಿದಂತಾಯಿತು. ಜುಲೈ 21ರಂದು ಅದೇ ಸರ್ಕಾರ ಲಾಕ್‌ಡೌನ್ ಪರಿಹಾರವಲ್ಲ, ಇನ್ನು ಮುಂದೆ ಇರುವುದಿಲ್ಲ ಎಂದಿತು. ಹಾಗಿದ್ದರೆ ಆ ಒಂದು ವಾರ ನಮ್ಮ ಜಿಲ್ಲೆಯ ವ್ಯಾಪಾರಿ ಕಳೆದುಕೊಂಡದ್ದು ಯಾವ ಪುರುಷಾರ್ಥಕ್ಕೆ? ಹೆಸರಿನಲ್ಲಿ ಬೆಂಗಳೂರು ಇದ್ದದ್ದಕ್ಕೋ?

ಮುಂದಿನ ವರ್ಷ ಲೆಕ್ಕ ತಲೆಕೆಳಗಾಯಿತು. ಎರಡನೇ ಅಲೆ ಇಳಿಯುತ್ತಿದ್ದಂತೆ 2021ರ ಜೂನ್ 10ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮೊದಲ ಹಂತದ ಅನ್‌ಲಾಕ್ ಪ್ರಕಟಿಸಿದರು. ಜೂನ್ 14ರಿಂದ 19 ಜಿಲ್ಲೆಗಳಲ್ಲಿ ಅಗತ್ಯ ವಸ್ತುಗಳ ಅಂಗಡಿ ಮಧ್ಯಾಹ್ನ 2ರವರೆಗೆ, ಬೀದಿ ವ್ಯಾಪಾರಕ್ಕೂ ಅಷ್ಟೇ ಹೊತ್ತು, ಕಾರ್ಖಾನೆಗೆ ಅರ್ಧದಷ್ಟು ಕೆಲಸಗಾರರು, ಗಾರ್ಮೆಂಟ್ಸಿಗೆ ಶೇ 30ರಷ್ಟು. ಸೋಂಕಿನ ಪ್ರಮಾಣ ಹೆಚ್ಚಿದೆ ಎಂದು 11 ಜಿಲ್ಲೆಗಳಲ್ಲಿ ಅಂಗಡಿಗೆ ಬೆಳಗ್ಗೆ 6ರಿಂದ 10 ಮಾತ್ರ ಎಂಬ ಹಳೆಯ ಬಿಗಿಯೇ ಉಳಿಯಿತು. ಬೆಂಗಳೂರು ನಗರ ತೆರೆದ ಪಟ್ಟಿಯಲ್ಲಿತ್ತು, ಬೆಂಗಳೂರು ಗ್ರಾಮಾಂತರ ಮುಚ್ಚಿದ ಪಟ್ಟಿಯಲ್ಲಿ. ದೊಡ್ಡಬಳ್ಳಾಪುರ ತಾಲ್ಲೂಕಿಗೆ ಒಂದು ಕಡೆ ಯಲಹಂಕ, ಇನ್ನೊಂದು ಕಡೆ ಗೌರಿಬಿದನೂರು, ಮತ್ತೊಂದು ಕಡೆ ಕೊರಟಗೆರೆ. ಮೂರೂ ತೆರೆದ ಜಿಲ್ಲೆಗಳಿಗೆ ಸೇರಿದ ಊರುಗಳು. ನಡುವೆ ನಮ್ಮವರು ಬೆಳಗಿನ 10ಕ್ಕೆ ಷಟರ್ ಎಳೆದುಕೊಂಡು ಕೂತರು.

ಜೂನ್ 21ರ ಎರಡನೇ ಹಂತದಲ್ಲೂ ಇದೇ ಕಥೆ. ನಗರ ಜಿಲ್ಲೆ ಸೇರಿ 16 ಜಿಲ್ಲೆಗಳಲ್ಲಿ ಅಂಗಡಿ ಸಂಜೆ 5ರವರೆಗೆ ತೆರೆಯಲು ಒಪ್ಪಿದರು. ಗ್ರಾಮಾಂತರವನ್ನು ಅದರ ಕೆಳಗಿನ ದರ್ಜೆಗೆ ಹಾಕಿದರು. ಸೋಂಕು ಏರುವಾಗ ನಗರದ ನೆರಳಲ್ಲಿ ನಿಲ್ಲಿಸಿದ ಜಿಲ್ಲೆಯನ್ನು ಇಳಿಯುವಾಗ ಬೇರೆ ಪಂಕ್ತಿಗೆ ಕಳುಹಿಸಿದ್ದು ಹೀಗೆ.

ಪಾಸಿಟಿವಿಟಿ ಪ್ರಮಾಣವೇ ಅಳತೆಗೋಲು ಎಂದು ಆಗ ಅಧಿಕಾರಿಗಳು ಹೇಳಿದರು. ಅಳತೆ ಬೇಕು, ನಿಜ. ಯಾವ ಹೊಲ ಅಳೆಯುತ್ತಿದ್ದೇವೆ ಎಂಬುದೂ ಗೊತ್ತಿರಬೇಕು. ನಾಲ್ಕು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ದೇವನಹಳ್ಳಿಗೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ನೆಲಮಂಗಲ ಮತ್ತು ಹೊಸಕೋಟೆ ನಗರಕ್ಕೆ ಅಂಟಿಕೊಂಡಿವೆ, ಲಾರಿ, ಗೋದಾಮು, ಕಾರ್ಖಾನೆಗಳ ಊರುಗಳು. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆ ಕಡೆಗೆ ಹೋಗುವ ರಸ್ತೆಯ ದೊಡ್ಡಬೆಳವಂಗಲದ ಬದುಕೇ ಬೇರೆ: ರಾಗಿ, ಹೂವು, ತರಕಾರಿ, ಹಾಲು, ಮತ್ತು ಸುತ್ತಲ ಹಳ್ಳಿಗಳು ನೆಚ್ಚಿಕೊಂಡ ಒಂದಷ್ಟು ಅಂಗಡಿಗಳು. ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಸೋಂಕು ಹಬ್ಬಿದರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ ಇಲ್ಲಿನ ಹೊಲಿಗೆ ಅಂಗಡಿ ಯಾಕೆ ಮುಚ್ಚಬೇಕು? ಅದೂ ಅಲ್ಲದೆ, ಜ್ವರ ಬಂದವರಷ್ಟೇ ಪರೀಕ್ಷೆಗೆ ಬರುವ ಕಡೆ ಶೇಕಡಾವಾರು ತಾನಾಗಿ ಮೇಲೇರುತ್ತದೆ. ಕಂಪನಿ, ಅಪಾರ್ಟ್‌ಮೆಂಟ್, ಪ್ರಯಾಣಿಕರು ಎಂದು ಆರೋಗ್ಯವಂತರನ್ನೂ ಲಕ್ಷಗಟ್ಟಲೆ ಪರೀಕ್ಷಿಸುವ ಕಡೆ ಕೆಳಗಿಳಿಯುತ್ತದೆ. ಆರೋಗ್ಯ ಇಲಾಖೆಗೆ ತಿಳಿಯದ ಸಂಗತಿಯೇನೂ ಅಲ್ಲ ಇದು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅದೇ ವಾರ, ಜೂನ್ 17ರಿಂದ, ಕೇರಳ ತನ್ನ ನಿರ್ಬಂಧಗಳನ್ನು ಜಿಲ್ಲೆಯ ಬದಲು ಪಂಚಾಯಿತಿ ಮತ್ತು ಪುರಸಭೆಗಳ ಮಟ್ಟಕ್ಕೆ ಇಳಿಸಿತು. ಶೇ 8ಕ್ಕಿಂತ ಕಡಿಮೆ ಇರುವ ಪಂಚಾಯಿತಿಗೆ ಒಂದು ನಿಯಮ, 30 ದಾಟಿದ್ದಕ್ಕೆ ಇನ್ನೊಂದು. ಆಗಸ್ಟ್ ಹೊತ್ತಿಗೆ ವಾರ್ಡಿನ ಮಟ್ಟಕ್ಕೆ ಹೋಗಿ, ಸೋಂಕಿತರ ಸಂಖ್ಯೆಯನ್ನು ಜನಸಂಖ್ಯೆಗೆ ಹೋಲಿಸಿ ತೀರ್ಮಾನಿಸಿತು. ಕೇರಳದಲ್ಲಿ ಸೋಂಕು ಕಡಿಮೆ ಇತ್ತು ಎಂದೇನೂ ಅಲ್ಲ, ನಮಗಿಂತ ಹೆಚ್ಚು ದಿನ ಕಾಡಿತು. ಆದರೂ ಒಂದು ಊರಿನವನಿಗೆ ತನ್ನ ಊರಿನ ಲೆಕ್ಕ ನೋಡಿ ನಾಳೆ ಬಾಗಿಲು ತೆರೆಯಬಹುದೋ ಇಲ್ಲವೋ ಎಂದು ತಿಳಿಯುತ್ತಿತ್ತು. ನಮ್ಮಲ್ಲಿ ಗ್ರಾಮ ಪಂಚಾಯಿತಿಗೊಂದು ಟಾಸ್ಕ್‌ಫೋರ್ಸ್ ರಚಿಸಿ, ಸೋಂಕಿತರ ಮನೆ ಹುಡುಕುವ ಕೆಲಸ ಕೊಟ್ಟರು. ಆಶಾ ಕಾರ್ಯಕರ್ತೆಯರು ಮನೆ ಮನೆ ತಿರುಗಿ ತಂದ ಮಾಹಿತಿ ಪಂಚಾಯಿತಿಯ ಕೈಯಲ್ಲೇ ಇತ್ತು. ಅಂಗಡಿ ತೆರೆಯುವ ತೀರ್ಮಾನದಲ್ಲಿ ಮಾತ್ರ ಆ ಪಂಚಾಯಿತಿಗೆ ದನಿ ಇರಲಿಲ್ಲ.

ಗಂಟೆಗಳ ವಿಷಯಕ್ಕೆ ಬರೋಣ. ಬೆಳಗ್ಗೆ 6ರಿಂದ 10 ಎಂಬ ಸಮಯ ಯಾರ ದಿನಚರಿ? ಹೋಬಳಿಯ ಹಳ್ಳಿಗಳಲ್ಲಿ ಬೆಳಗಿನ ಆರು ಗಂಟೆಗೆ ಮನೆಯವರು ಕೊಟ್ಟಿಗೆಯಲ್ಲಿರುತ್ತಾರೆ. ಹಾಲು ಕರೆದು ಡೇರಿಗೆ ಹಾಕಿ, ಫ್ಯಾಟು ನೋಡಿಸಿ, ಚೀಟಿ ಹಿಡಿದು ಮನೆಗೆ ಬರುವಾಗ ಏಳೂವರೆ. ದನಕ್ಕೆ ಮೇವು ಹಾಕಿ, ತಾವು ಒಂದು ತುತ್ತು ತಿಂದು, ಗಾಡಿಯಲ್ಲೋ ಬಸ್ಸಿನಲ್ಲೋ ಹೋಬಳಿ ಕೇಂದ್ರ ಮುಟ್ಟುವಾಗ ಹತ್ತು. ಲಾಕ್‌ಡೌನ್ ದಿನಗಳಲ್ಲಿ ಆ ಬಸ್ಸೂ ಇರಲಿಲ್ಲ. ದೊಡ್ಡಬೆಳವಂಗಲದ ಅಂಗಡಿಯವರು ಆರು ಗಂಟೆಗೆ ಬಾಗಿಲು ತೆರೆದು ಯಾರಿಗಾಗಿ ಕಾಯಬೇಕಿತ್ತು? ಗಿರಾಕಿ ಬರುವ ಹೊತ್ತಿಗೆ ಪೊಲೀಸ್ ಜೀಪು ಬರುತ್ತಿತ್ತು. ಇರುವ ನಾಲ್ಕು ತಾಸಿನ ಕೊನೆಯ ಅರ್ಧ ತಾಸಿಗೆ ಎಲ್ಲರೂ ನುಗ್ಗಿದರೆ ಅಂತರ ಕಾಯುವುದು ಹೇಗೆ? ಇದೇ ನಾಲ್ಕು ತಾಸನ್ನು ಬೆಳಗ್ಗೆ 9ರಿಂದ ಮಧ್ಯಾಹ್ನ 1 ಎಂದು ಬರೆದಿದ್ದರೆ ಸೋಂಕು ಹೆಚ್ಚುತ್ತಿರಲಿಲ್ಲ, ವ್ಯಾಪಾರ ಉಳಿಯುತ್ತಿತ್ತು. ಅಷ್ಟು ಸಣ್ಣ ತಿದ್ದುಪಡಿಗೂ ಯಾರೂ ಹೋಬಳಿಯವರನ್ನು ಕೇಳಲಿಲ್ಲ.

ಕೃಷಿಗೆ ವಿನಾಯಿತಿ ಇದೆ ಎಂದು ಪ್ರತಿ ಆದೇಶದಲ್ಲೂ ಬರೆದಿರುತ್ತಿತ್ತು. ಗೊಬ್ಬರದ ಅಂಗಡಿ ಕೃಷಿ, ಸರಿ. ಕೊಳವೆಬಾವಿಯ ಮೋಟಾರ್ ಸುಟ್ಟರೆ ಕಾಯಿಲ್ ಸುತ್ತಿ ಕೊಡುವ ಅಂಗಡಿ? ಟ್ರ್ಯಾಕ್ಟರಿನ ಟೈರಿಗೆ ಪಂಕ್ಚರ್ ಹಾಕುವವರು? ನೇಗಿಲ ಗುಳ ತಟ್ಟಿ ಕೊಡುವ ಕುಲುಮೆ? ರಾಗಿ ಬಿತ್ತನೆಗೆ ಭೂಮಿ ಹದ ಮಾಡುವ ದಿನಗಳಲ್ಲಿ ಇವೆಲ್ಲ ಬೇಕೇ ಬೇಕು. ಇವು ಕೃಷಿಗೆ ಸೇರುತ್ತವೋ ಇಲ್ಲವೋ ಎಂದು ಕೊನೆಗೆ ತೀರ್ಮಾನಿಸಿದ್ದು ರಸ್ತೆಯಲ್ಲಿ ಲಾಠಿ ಹಿಡಿದು ನಿಂತ ಕಾನ್‌ಸ್ಟೆಬಲ್. ಆತನನ್ನು ದೂರಿ ಫಲವಿಲ್ಲ. ಹತ್ತು ಸಾಲಿನ ಆದೇಶವನ್ನು ಇಡೀ ರಾಜ್ಯಕ್ಕೆ ಬರೆದು, ಅರ್ಥ ಮಾಡುವ ಹೊರೆಯನ್ನು ಆತನ ಹೆಗಲಿಗೆ ಬಿಟ್ಟವರು ವಿಧಾನಸೌಧದಲ್ಲಿದ್ದರು. 2021ರ ಏಪ್ರಿಲ್ 22ರ ಮಧ್ಯಾಹ್ನ ಯಾವ ಮುನ್ಸೂಚನೆಯೂ ಇಲ್ಲದೆ ಪೊಲೀಸರು ಊರೂರಲ್ಲಿ ಅಂಗಡಿ ಮುಚ್ಚಿಸಿದ್ದನ್ನು ವ್ಯಾಪಾರಿಗಳು ಮರೆತಿಲ್ಲ. ರಾತ್ರಿ ಮತ್ತು ವಾರಾಂತ್ಯದ ಕರ್ಫ್ಯೂ ಅಷ್ಟೇ ಎಂದು ನಂಬಿ ಬೆಳಗ್ಗೆ ಬಾಗಿಲು ತೆರೆದವರಿಗೆ, ನಿಯಮ ಬದಲಾಗಿದೆ ಎಂದು ತಿಳಿದದ್ದು ಪೊಲೀಸರು ಬಂದು ನಿಂತಾಗ. ಅದಕ್ಕೂ ಮೊದಲು, 2020ರ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಘೋಷಿಸಿ ಮರುದಿನವೇ ಹಿಂತೆಗೆದುಕೊಂಡಿದ್ದರು. ದಿನ ಕಳೆಯುವುದರೊಳಗೆ ಬದಲಾಗುವ ಆದೇಶ ನಂಬಿ ಸಾಲ ತಂದು ಸರಕು ತುಂಬುವ ಧೈರ್ಯ ಯಾರಿಗಿದೆ? ನ್ಯೂಜಿಲೆಂಡ್ 2020ರ ಮಾರ್ಚ್ 21ರಂದೇ ನಾಲ್ಕು ಹಂತಗಳನ್ನು ಪ್ರಕಟಿಸಿ, ಯಾವ ಹಂತದಲ್ಲಿ ಏನು ತೆರೆಯುತ್ತದೆ ಎಂದು ಜನರ ಮುಂದಿಟ್ಟಿತ್ತು. ಸಣ್ಣ ದೇಶ, ಒಪ್ಪೋಣ. ಒಂದು ಪಟ್ಟಿಯನ್ನು ಮೊದಲೇ ಬರೆದಿಡಲು ದೇಶ ಸಣ್ಣದಿರಬೇಕಿಲ್ಲ.

ಯಾರ ಬಾಗಿಲು ಮೊದಲು ತೆರೆಯಿತು ಎಂಬುದನ್ನೂ ದಾಖಲಿಸಬೇಕು. 2020ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಬೆಂಗಳೂರು ನಗರ, ಮೈಸೂರಿನ ಜೊತೆ ಬೆಂಗಳೂರು ಗ್ರಾಮಾಂತರವನ್ನೂ ಕೆಂಪು ವಲಯಕ್ಕೆ ಸೇರಿಸಿತು. ಕೆಂಪು ವಲಯದಲ್ಲಿ ಕ್ಷೌರದ ಅಂಗಡಿ ತೆರೆಯುವಂತಿರಲಿಲ್ಲ, ಬಸ್ ಓಡುವಂತಿರಲಿಲ್ಲ. ಆದರೆ ಮೇ 4ರಂದೇ ಮದ್ಯದಂಗಡಿ ತೆರೆಯಿತು. ಮೊದಲ ದಿನ ರಾಜ್ಯದಲ್ಲಿ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವಹಿವಾಟು. ಅದೇ ವಾರ ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಲ್ಲೇ ವಲಸೆ ಕಾರ್ಮಿಕರ ರೈಲು ರದ್ದು ಮಾಡಿ ಎಂದು ರೈಲ್ವೆಗೆ ಸರ್ಕಾರ ಪತ್ರ ಬರೆಯಿತು, ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ನಿಲುವು ಬದಲಿಸಿತು. ಕ್ಷೌರದಂಗಡಿಗೆ ಒಪ್ಪಿಗೆ ಸಿಕ್ಕಿದ್ದು ಮೇ 18ರ ಆದೇಶದಲ್ಲಿ. ಮೈ ಮುಟ್ಟಿ ಮಾಡುವ ಕೆಲಸ, ಕಾದದ್ದು ಸರಿಯೇ ಇರಬಹುದು. ಆದರೆ ಖಜಾನೆಗೆ ಹಣ ತರುವ ಬಾಗಿಲಿಗೆ ಒಂದು ನ್ಯಾಯ, ದಿನದ ಅನ್ನ ದುಡಿಯುವ ಬಾಗಿಲಿಗೆ ಇನ್ನೊಂದು ನ್ಯಾಯ ಎಂಬುದನ್ನು ಯಾವ ವೈದ್ಯಶಾಸ್ತ್ರವೂ ಸಮರ್ಥಿಸುವುದಿಲ್ಲ.

ಮುಚ್ಚಿಸಿದವರು ಪರಿಹಾರ ಕೊಟ್ಟರಲ್ಲ ಎನ್ನಬಹುದು. 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಣೆಯಾಯಿತು. ಕ್ಷೌರಿಕರು, ಮಡಿವಾಳರು, ಆಟೊ ಚಾಲಕರಿಗೆ ಒಮ್ಮೆಗೆ 5,000 ರೂಪಾಯಿ, ಹೂವಿನ ಬೆಳೆಗೆ ಹೆಕ್ಟೇರಿಗೆ 25,000. ಮಾರ್ಚ್ 24ರಂದು ನಿಂತ ದುಡಿಮೆಗೆ ಆರು ವಾರಗಳ ನಂತರ ಬಂದ ಘೋಷಣೆ ಅದು, ಹಣ ಕೈಸೇರಲು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕಿತ್ತು. ಸೈಬರ್ ಸೆಂಟರ್ ಮುಚ್ಚಿದ ಊರಿನಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರು ಎಲ್ಲಿ ಅರ್ಜಿ ಹಾಕಬೇಕಿತ್ತೋ ಯಾರೂ ಯೋಚಿಸಲಿಲ್ಲ. ಎರಡನೇ ಅಲೆಯ ಪೆಟ್ಟು ಇನ್ನೂ ಕ್ರೂರವಾಗಿತ್ತು, ಪರಿಹಾರ ಮಾತ್ರ ಕುಗ್ಗಿತು. 2021ರ ಮೇ 19ರ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ 2,000, ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 10,000. ಜೀವನದ ವೆಚ್ಚ ಆ ವರ್ಷ ಅರ್ಧಕ್ಕಿಂತ ಕೆಳಗಿಳಿದಿತ್ತೇ?

ದೊಡ್ಡಬಳ್ಳಾಪುರದ ಮಗ್ಗಗಳ ಪಾಡು ಇನ್ನೊಂದು ಬಗೆ. ಪವರ್‌ಲೂಮ್ ಕಾರ್ಮಿಕರು ಮೊದಲ ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಕೈಮಗ್ಗದವರಿಗೆ 2,000 ಎಂದರು. ವಿದ್ಯುತ್ ಮಗ್ಗದವರು ಕೂಗಿದ ಮೇಲೆ ವಾರ ಕಳೆದು ಅವರಿಗೂ 2,000 ಸೇರಿಸಿದರು. ಮಗ್ಗ ನಡೆಸಲು ಅನುಮತಿ ಬಂದರೂ ಮಗ್ಗ ನಡೆಯಲಿಲ್ಲ, ಯಾಕೆಂದರೆ ಸೀರೆ ಕೊಳ್ಳುವ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿ ಮುಚ್ಚಿತ್ತು, ಮದುವೆಗೆ ಐವತ್ತೇ ಜನ, ನೂಲು ತರುವ ಲಾರಿ ಯಾವ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತದೋ ತಿಳಿಯದು. ಹೂವಿನದ್ದೂ ಹಾಗೆಯೇ. ಹೂ ಕೀಳಬಹುದು, ಸಾಗಿಸಬಹುದು ಎಂದು ಆದೇಶ ಹೇಳಿತು. ಕೆ.ಆರ್. ಮಾರುಕಟ್ಟೆ 2020ರಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿತ್ತು, ದೇವಸ್ಥಾನಗಳು ತೆರೆದದ್ದು ಜೂನ್ 8ಕ್ಕೆ. ಸೇವಂತಿಗೆ, ಗುಲಾಬಿ ಬೆಳೆದವರು ಕಿತ್ತು ತಿಪ್ಪೆಗೆ ಸುರಿದರು, ಕೆಲವರು ಗಿಡದ ಸಮೇತ ಟ್ರ್ಯಾಕ್ಟರ್ ಹೊಡೆಸಿದರು. ಬೆಳೆಯುವ ಊರು, ನೇಯುವ ಊರು ನಗರಕ್ಕೆ ಸರಪಳಿಯಂತೆ ಹೆಣೆದುಕೊಂಡಿವೆ ಎಂಬುದು ಮುಚ್ಚುವಾಗ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ತೆರೆಯುವಾಗ ಒಂದೊಂದು ಕೊಂಡಿಗೂ ಬೇರೆ ಬೇರೆ ದಿನ ಗೊತ್ತು ಮಾಡಿತು. 2021ರ ಏಪ್ರಿಲ್ 27ರಿಂದ ಜಾರಿಗೆ ಬಂದ ಎರಡನೇ ಅಲೆಯ ಆದೇಶದಲ್ಲಿ ಕಾರ್ಖಾನೆ, ಕಟ್ಟಡ ಕೆಲಸಗಳಿಗೆ ಒಪ್ಪಿ ಗಾರ್ಮೆಂಟ್ಸನ್ನು ಮಾತ್ರ ಹೊರಗಿಟ್ಟಾಗ ಮನೆಗೆ ಮರಳಿದವರು ಬಹುಪಾಲು ಹೆಣ್ಣುಮಕ್ಕಳು. ನಮ್ಮ ಹಳ್ಳಿಗಳಿಂದ ದೊಡ್ಡಬಳ್ಳಾಪುರದ ಅಪ್ಯಾರೆಲ್ ಪಾರ್ಕಿಗೆ ನಸುಕಿನಲ್ಲೇ ವ್ಯಾನ್ ಹತ್ತುವವರು. ಅವರ ಸಂಬಳದ ಬಗ್ಗೆ ಆ ಆದೇಶದಲ್ಲಿ ಚಕಾರವಿರಲಿಲ್ಲ.

ಹಳೆಯ ಗಾಯ ಈಗ ಯಾಕೆ ಕೆದಕುತ್ತೀರಿ ಎಂದು ಕೇಳುವವರಿಗೆ ಹೇಳುತ್ತೇವೆ: ಇದಕ್ಕೆ ಇನ್ನೂ ಯಾರೂ ಮುಲಾಮು ಹಚ್ಚಿಲ್ಲ. ಕೋವಿಡ್ ಖರೀದಿಯಲ್ಲಿ ನಡೆದ ಅಕ್ರಮ ತನಿಖೆ ಮಾಡಲು 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗ ನೇಮಕವಾಯಿತು, 2024ರ ಆಗಸ್ಟ್‌ನಲ್ಲಿ ಮೊದಲ ವರದಿ ಕೊಟ್ಟಿತು. ಕಿಟ್ಟು, ಮಾಸ್ಕಿನ ದರ ಪರಿಶೀಲಿಸಿದ್ದು ಒಳ್ಳೆಯದೇ. ಜನರ ದುಡಿಮೆಯ ಮೇಲೆ ಸಹಿ ಹಾಕಿದ ಆದೇಶಗಳನ್ನು ಪರಿಶೀಲಿಸಲು ಯಾವ ಆಯೋಗವೂ ಇಲ್ಲ. ಅಧಿಕಾರಕ್ಕೆ ಬಂದ ಹೊಸ ಪಕ್ಷವೂ ಆ ಬಗ್ಗೆ ಆಸಕ್ತಿ ತೋರಿಲ್ಲ. 2020ರಲ್ಲಿ ವಿಧಾನಮಂಡಲ ಒಪ್ಪಿದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಮುಚ್ಚಿಸುವ ಅಧಿಕಾರ ಸ್ಪಷ್ಟವಾಗಿದೆ, ಮೀರಿದವರಿಗೆ ಶಿಕ್ಷೆಯೂ ಸ್ಪಷ್ಟವಾಗಿದೆ. ಮುಚ್ಚಿಸಿದ ದಿನಗಳಿಗೆ ಸರ್ಕಾರ ಹೊರಬೇಕಾದ ಹೊಣೆಯನ್ನು ಅದು ಹೇಳುವುದಿಲ್ಲ. ನಾಳೆ ಇನ್ನೊಂದು ರೋಗ ಬಂದರೆ ಇದೇ ಕಾಯ್ದೆ, ಇದೇ ಜಿಲ್ಲಾವಾರು ಪಟ್ಟಿ, ಇದೇ 6ರಿಂದ 10.

ಆದ್ದರಿಂದ ಕಾಯ್ದೆಗೆ ತಿದ್ದುಪಡಿ ಬೇಕು. ನಿರ್ಬಂಧ ಹೇರುವ ಮತ್ತು ತೆರವು ಮಾಡುವ ಘಟಕ ಗ್ರಾಮ ಪಂಚಾಯಿತಿ ಅಥವಾ ವಾರ್ಡ್ ಆಗಬೇಕು, ಆ ತೀರ್ಮಾನದಲ್ಲಿ ಪಂಚಾಯಿತಿ ಭಾಗಿಯಾಗಬೇಕು. ಆದೇಶದ ಕಾರಣ, ಅದಕ್ಕೆ ಆಧಾರವಾದ ಅಂಕಿ-ಅಂಶ ಕನ್ನಡದಲ್ಲಿ, ಆದೇಶದ ಜೊತೆಯಲ್ಲೇ ಪ್ರಕಟವಾಗಬೇಕು. ತೀರಾ ತುರ್ತು ಎಂದು ಬರೆದುಕೊಟ್ಟ ಹೊರತು ಎರಡು ದಿನ ಮೊದಲು ತಿಳಿಸದೆ ಯಾರ ಅಂಗಡಿಯನ್ನೂ ಮುಚ್ಚಿಸುವಂತಿರಬಾರದು. ಮುಚ್ಚಿದ ವಾರದ ಪರಿಹಾರ ಆ ವಾರವೇ ಖಾತೆಗೆ ಬರಬೇಕು. ಪಡಿತರ ಚೀಟಿಗೆ, ಹಾಲಿನ ಬಟವಾಡೆಗೆ ಜೋಡಿಸಿದ ಖಾತೆಗಳ ಪಟ್ಟಿ ಸರ್ಕಾರದ ಬಳಿ ಇರುವಾಗ ಮತ್ತೆ ಅರ್ಜಿ ಕೇಳುವ ಅಗತ್ಯವಿಲ್ಲ.

ಇದಕ್ಕೆಲ್ಲ ಮೊದಲು ಒಂದು ಕಡತ ಹೊರಬರಬೇಕು. 2021ರ ಜೂನ್ 10ರ ಸಭೆಯಲ್ಲಿ ಬೆಂಗಳೂರು ನಗರವನ್ನು ತೆರೆಯುವ, ಗ್ರಾಮಾಂತರವನ್ನು ಮುಚ್ಚಿಯೇ ಇಡುವ ತೀರ್ಮಾನ ಯಾವ ತಾಲ್ಲೂಕಿನ, ಯಾವ ವಾರದ ಅಂಕಿಗಳ ಮೇಲೆ ನಡೆಯಿತು, ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳ ಲೆಕ್ಕವನ್ನು ಯಾರಾದರೂ ಮೇಜಿನ ಮೇಲೆ ಇಟ್ಟಿದ್ದರೇ ಎಂಬುದನ್ನು ಆ ಸಭೆಯ ನಡಾವಳಿ ಹೇಳಬೇಕು. ನಮ್ಮ ಜಿಲ್ಲೆಯ ನಾಲ್ವರು ಶಾಸಕರು ಬರುವ ಅಧಿವೇಶನದಲ್ಲೇ ಅದನ್ನು ಸದನದ ಮುಂದಿಡಲು ಒತ್ತಾಯಿಸಲಿ.